‘ರಕ್ತರಾತ್ರಿ’ಯ ಶಕುನಿ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಕಡೆ ಕಂದಗಲ್ಲ ಹನುಮಂತರಾಯರ (1896–1966) ‘ರಕ್ತರಾತ್ರಿ’ ಎಂದೊಡನೆ ಜನರು ಮೊದಲು ವಿಚಾರಿಸುವುದು ದುರ್ಯೋಧನನನ್ನಲ್ಲ, ಶಕುನಿಯ ಪಾತ್ರಧಾರಿ ಯಾರೆಂಬುದನ್ನು. ವ್ಯಾಸಭಾರತದಲ್ಲಾದರೋ ಇವನು 18ನೆಯ ದಿನವೇ ಸಹದೇವನ ಕೈಯಲ್ಲಿ ಮಡಿದವನು. ಉಪಪಾಂಡವರ ಕೊಲೆಯ ಇರುಳನ್ನು ಕಂಡವನೇ ಅಲ್ಲ. ಸೆರೆಯಲ್ಲಿ ಹಸಿದು ಸತ್ತ ತಂದೆಯ ಎಲುಬಿನಿಂದ ದಾಳ ಮಾಡಿಕೊಂಡು ಕುರುಕುಲದ ಮೇಲೆ ಹಗೆ ಸಾಧಿಸಿದನೆಂಬ ಕಥೆಯೂ ಅಲ್ಲಿಲ್ಲ. ಅದು ಜನರ ಬಾಯಿಂದ ರಂಗಕ್ಕೆ ಬಂದದ್ದು. ಆ ಕಥೆಯನ್ನು ಒಪ್ಪಿದೊಡನೆಯೇ ತಕ್ಕಡಿ ವಾಲುವುದು: ಮಾವನನ್ನು ನಂಬಿದ ದುರ್ಯೋಧನನು ಖಳನಾಗಿ ಉಳಿಯದೆ ಬೇಟೆಯಾಗುವನು, ಪಕ್ಕದ ಖಳನು ಮುಖ್ಯ ಖಳನನ್ನು ನುಂಗುವನು. ಇದನ್ನು ದೋಷವೆನ್ನುವವರುಂಟು, ನಮಗೆ ಹಾಗೆ ತೋರದು. ದೋಷವು ಅಭಿನಯದಲ್ಲಿ. ಕುಂಟುನಡೆಗೂ ಕೊಂಕುನಗೆಗೂ ಚಪ್ಪಾಳೆ ಬಿದ್ದಷ್ಟೂ ನಟನು ಅವನ್ನೇ ಬೆಳೆಸುತ್ತ ಹೋದರೆ, ನಗೆಯ ಕೆಳಗಿರುವ ಸೆರೆಮನೆಯ ಹಸಿವು ಮರೆಯಾಗುವುದು. ದಾಳವನ್ನು ಅಂಗೈಯಲ್ಲಿ ಹಿಡಿದು, ಮಾತಿಗೆ ಮುನ್ನ ಅರೆಗಳಿಗೆ ಸುಮ್ಮನೆ ನಿಲ್ಲುವ ಶಕುನಿಯೇ ಹೆಚ್ಚು ಭಯಂಕರನು.