ಕಲ್ಯಾಣದ ಜನಸಾಮಾನ್ಯರೂ ವಚನದ ಸಾಕ್ಷ್ಯವೂ

ಕ್ರಿ.ಶ. 79ರಲ್ಲಿ ವಿಸೂವಿಯಸ್ ಪರ್ವತದ ಬೂದಿಯಲ್ಲಿ ಹೂತುಹೋದ ರೋಮನರ ಪಾಂಪೇಯಿ ಪಟ್ಟಣದಲ್ಲಿ ರೊಟ್ಟಿಯಂಗಡಿಯ ಒಲೆಗಳೂ ಗೋಡೆಗಳ ಮೇಲೆ ಜನರು ಗೀಚಿದ ಬರೆಹಗಳೂ ಉಳಿದು ಬಂದಿವೆ. 12ನೆಯ ಶತಮಾನದ ಕಲ್ಯಾಣಕ್ಕೆ ಆ ಭಾಗ್ಯವಿಲ್ಲ. ಅಲ್ಲಿನ ಕಾಯಕಜೀವಿಗಳ ಮನೆಗಳು ಅಳಿದುವು. ಮಾತು ಮಾತ್ರ ಉಳಿಯಿತು.

ಆ ಮಾತನ್ನು ಓದುವ ಕ್ರಮವೇ ವಿಚಾರಣೀಯವಾದುದು. ಅಂಬಿಗರ ಚೌಡಯ್ಯನ ಹುಟ್ಟನ್ನೂ ನುಲಿಯ ಚಂದಯ್ಯನ ಹಗ್ಗವನ್ನೂ ಬರಿಯ ರೂಪಕವೆಂದು ಬಗೆದು, ಒಡನೆಯೇ ತತ್ತ್ವಾರ್ಥಕ್ಕೆ ಏರುವುದು ವ್ಯಾಖ್ಯಾನಕಾರರ ವಾಡಿಕೆ. ಆಯ್ದಕ್ಕಿ ಲಕ್ಕಮ್ಮನ ವಿಷಯದಲ್ಲಿ ಇದರಿಂದಾದ ನಷ್ಟ ದೊಡ್ಡದು. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತರಲು, ಅದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದುದು ಪ್ರಸಿದ್ಧವಷ್ಟೆ. ಇದರಲ್ಲಿ ನಿರಾಶೆಯ ತತ್ತ್ವವನ್ನು ಎಲ್ಲರೂ ಕಂಡರು. ಅಕ್ಕಿಯ ಅಳತೆಯನ್ನು ಕಂಡವರು ವಿರಳ. ಅಂದಿಗೆ ಎಷ್ಟು ಸಾಕೆಂಬುದನ್ನು ಬಲ್ಲವಳು ಒಲೆಯ ಮುಂದಿನ ಗೃಹಿಣಿ. ಗಂಡನನ್ನು ಗದರುವ ಅಧಿಕಾರ ಆಕೆಗೆ ಬಂದುದು ಈ ಬಲ್ಮೆಯಿಂದಲೇ.

ಈ ಪ್ರಸಂಗವನ್ನು ಹೆಣೆದುದು 15ನೆಯ ಶತಮಾನದಿಂದೀಚಿನ ಶೂನ್ಯಸಂಪಾದನೆಗಳು. ಆದುದರಿಂದ ಇದನ್ನು ನೇರವಾದ ಚರಿತ್ರೆಯೆನ್ನಲಾಗದು. ಆದರೆ ಸಂಕಲನಕಾರರು ಹೆಣೆದುದು ಕಥೆಯನ್ನು. ಆ ಗದರಿಕೆಯ ಧಾಟಿ ಲಕ್ಕಮ್ಮನ ವಚನಗಳದೇ.