‘ಶರಪಂಜರ’ದಲ್ಲಿ ಇಲ್ಲದ ಒಂದು ಪಾತ್ರ

ತ್ರಿವೇಣಿಯವರ ‘ಶರಪಂಜರ’ವನ್ನು ಓದಿ ಕಣ್ಣೊರೆಸಿಕೊಂಡವರು ಈಗ ಮೂರು ತಲೆಮಾರಿನವರಾದರು. ಕಾದಂಬರಿಯನ್ನು ಓದದವರು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ಚಿತ್ರವನ್ನಾದರೂ ನೋಡಿದ್ದಾರೆ. ಕಾವೇರಿಯೆಂದರೆ ಅವರಿಗೆ ಕಲ್ಪನಾ ಅವರ ಮುಖವೇ ಎದುರು ನಿಲ್ಲುತ್ತದೆ. ಇಷ್ಟು ಜನಪ್ರಿಯವಾದ ಕೃತಿಯ ಮೇಲೆ ಮತ್ತೊಂದು ಲೇಖನವೇಕೆ ಎಂದು ವಾಚಕರು ಕೇಳಿಯಾರು. ಕಾವೇರಿಯ ದುರಂತಕ್ಕೆ ಯಾರು ಕಾರಣರೆಂಬುದನ್ನು ನಾವು ಸಾಕಷ್ಟು ಚರ್ಚಿಸಿದ್ದೇವೆ. ಗಂಡನನ್ನು ಬೈದಿದ್ದೇವೆ, ಸಮಾಜವನ್ನು ಹಳಿದಿದ್ದೇವೆ. ಆದರೆ ಯಾರೊಬ್ಬರು ಆ ಕತೆಯಲ್ಲಿ ಇದ್ದಿದ್ದರೆ ಆ ದುರಂತ ತಪ್ಪಬಹುದಾಗಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳಿದಂತೆ ಕಾಣೆ. ನಾನು ಕೇಳಬೇಕೆಂದಿರುವುದು ಅದನ್ನೇ.

ಕತೆಯನ್ನು ಇಡಿಯಾಗಿ ಹೇಳುವ ಅಗತ್ಯವಿಲ್ಲ. ಹೆರಿಗೆಯ ನಂತರ ಕಾವೇರಿಯ ಬುದ್ಧಿ ಕದಡುತ್ತದೆ. ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಎಂದು ಕರೆಯುತ್ತಿದ್ದ ರೋಗ ಅದು. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗುತ್ತದೆ, ಗುಣವಾಗಿ ಮನೆಗೆ ಬರುತ್ತಾಳೆ. ಸಾಮಾನ್ಯ ಕಾದಂಬರಿಕಾರನಾಗಿದ್ದರೆ ಇಲ್ಲಿಗೆ ಮಂಗಳ ಹಾಡುತ್ತಿದ್ದ. ತ್ರಿವೇಣಿಯವರು ಕತೆಯ ನಿಜವಾದ ಆರಂಭವನ್ನು ಇಲ್ಲಿಟ್ಟುಕೊಳ್ಳುತ್ತಾರೆ. ಗುಣವಾದವಳನ್ನು ನೋಡುವ ಕಣ್ಣುಗಳು ಮಾತ್ರ ಗುಣವಾಗಿಲ್ಲ. ಅವಳು ನಕ್ಕರೆ ಸಂಶಯ, ಸಿಟ್ಟಾದರೆ ಭಯ, ಸುಮ್ಮನಿದ್ದರೆ ಪಿಸುಮಾತು. ಗಂಡನ ಮನಸ್ಸು ಬೇರೆಡೆಗೆ ವಾಲಿದೆ. ಹೀಗೆ ಒಂದೊಂದೇ ಬಾಣ ಬಂದು ನಾಟಿ, ಕೊನೆಗೆ ಅವಳು ಮತ್ತೆ ಹುಚ್ಚಿಯಾಗುತ್ತಾಳೆ. ಮನಃಶಾಸ್ತ್ರವನ್ನು ಓದಿ ಪದವಿ ಪಡೆದಿದ್ದ, 35 ತುಂಬುವ ಮೊದಲೇ 1963ರಲ್ಲಿ ತೀರಿಕೊಂಡ ಈ ಲೇಖಕಿ, ರೋಗದ ವರ್ಣನೆಗಿಂತ ರೋಗ ಕಳೆದ ಮೇಲಿನ ಬಾಳನ್ನು ಹೆಚ್ಚು ಮುಖ್ಯವೆಂದು ಕಂಡದ್ದು ಅವರ ದೊಡ್ಡ ಹಿರಿಮೆ.

ಈಗ ಕಾದಂಬರಿಯ ಪಾತ್ರಗಳನ್ನು ಎರಡು ಗುಂಪಾಗಿ ವಿಂಗಡಿಸಿ ನೋಡಿರಿ. ಒಂದು ಕಡೆ ಆಸ್ಪತ್ರೆಯವರು. ತಮ್ಮ ಕೆಲಸವನ್ನು ಮಾಡಿ ರೋಗಿಯನ್ನು ಕಳಿಸಿಕೊಟ್ಟರು. ಇನ್ನೊಂದು ಕಡೆ ಮನೆಯವರು, ನೆರೆಯವರು. ಅವರಿಗೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ. ಆಸ್ಪತ್ರೆಯ ಬಾಗಿಲಿಗೂ ಮನೆಯ ಹೊಸ್ತಿಲಿಗೂ ನಡುವಿನ ದಾರಿಯಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕಾವೇರಿ ಆ ದಾರಿಯನ್ನು ಒಬ್ಬಳೇ ನಡೆದಳು. ಆ ಖಾಲಿ ಜಾಗದಲ್ಲಿ ನಿಲ್ಲಬೇಕಾದವರಿಗೆ ಇಂದು ಹೆಸರುಗಳಿವೆ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಚಿಕಿತ್ಸಾ ಮನಶ್ಶಾಸ್ತ್ರಜ್ಞ, ಮನೋರೋಗ ಶುಶ್ರೂಷಕಿ, ಆಪ್ತಸಮಾಲೋಚಕ. ಹೆಸರು ಯಾವುದೇ ಇರಲಿ, ‘ಶರಪಂಜರ’ದಲ್ಲಿ ಇಲ್ಲದ ಪಾತ್ರ ಇದೇ.

ಇಲ್ಲದ ಪಾತ್ರವನ್ನು ಕಾದಂಬರಿಯಿಂದ ಕೇಳುವುದು ನ್ಯಾಯವೇ ಎಂಬ ಆಕ್ಷೇಪ ಬರಬಹುದು. ದೋಷವೆಂದು ನಾನು ಇದನ್ನು ಹೇಳುತ್ತಿಲ್ಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿದ್ದು 1954ರಲ್ಲಿ. ಎರಡೂ ಕೂಡಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ತ್ರಿವೇಣಿಯವರು ಬರೆಯುತ್ತಿದ್ದ ಕಾಲಕ್ಕೆ ಅಂಥ ಕೆಲಸಗಾರರು ನಮ್ಮ ನಾಡಿನಲ್ಲಿ ತೀರ ವಿರಳ. ಆದರೆ ಅದೇ 1950ರ ದಶಕದಲ್ಲಿ, ದೂರದ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆಗೆ ಅವರ ಮನೆಯವರನ್ನೂ ಇರಿಸಿಕೊಂಡರು. ರೋಗವೆಂದರೇನು, ಮನೆಗೆ ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅವರಿಗೂ ಕಲಿಸಿದರು. ಮದ್ದು ಮನೆಯವರಿಗೂ ಬೇಕೆಂಬುದನ್ನು ಅಲ್ಲೊಬ್ಬ ವೈದ್ಯರು ಕೆಲಸದಿಂದ ಕಂಡುಕೊಂಡರೆ, ಇಲ್ಲೊಬ್ಬ ಲೇಖಕಿ ಅದಿಲ್ಲದ ಮನೆಯ ಕತೆ ಹೇಳಿ ತೋರಿಸಿದರು. ಇವೆರಡೂ ಒಂದೇ ದಶಕದ ಆಸುಪಾಸಿನ ಕಾಣ್ಕೆಗಳೆಂಬುದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ.

ಈ ವಿಚಾರ ನನಗೆ ಹೊಳೆದದ್ದು ಪುಸ್ತಕದಿಂದಷ್ಟೇ ಅಲ್ಲ. ನಾನು ಇರುವುದು ಬೆಳಗಾವಿಯಲ್ಲಿ. ನಂಟರು ಇರುವುದು ಖಾನಾಪುರ ತಾಲೂಕಿನಲ್ಲಿ. ಎರಡೂ ಪಟ್ಟಣಗಳ ನಡುವಿನ ಅಂತರ 25 ಕಿಲೋಮೀಟರಿನಷ್ಟು. ಆದರೆ ಖಾನಾಪುರದಿಂದ ಮುಂದಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೋ ಭೀಮಗಡದ ಕಾಡಿನ ಕಡೆಗೋ ಹೊರಳಿದಿರಾದರೆ ಕಿಲೋಮೀಟರಿನ ಲೆಕ್ಕ ನಡೆಯುವುದಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕೆಲವು ಹಳ್ಳಿಗಳಿಗೆ ದಾರಿಯೇ ಇಲ್ಲ. ಅಂಥಲ್ಲಿಂದ ಒಬ್ಬ ರೋಗಿ ಬೆಳಗಾವಿಯ ಜಿಲ್ಲಾಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೋ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಹೋದವನ ಕೂಲಿಯೂ ಹೋಯಿತು. ಗುಳಿಗೆ ತಪ್ಪುವುದು ಹಲವು ಸಲ ಹೀಗೆಯೇ, ಮೊಂಡುತನದಿಂದಲ್ಲ.

ಇನ್ನು ಭಾಷೆಯ ಮಾತು. ಇಲ್ಲಿಯ ಜನ ಮನಸ್ಸಿನ ನೋವನ್ನು ಮನಸ್ಸಿನ ಹೆಸರಿನಲ್ಲಿ ಹೇಳುವುದು ಕಡಿಮೆ. ‘ತಲಿ ಭಾರ ಆಗೇದ’, ‘ನಿದ್ದಿ ಹತ್ತೂದಿಲ್ಲ’, ‘ಎದಿ ಧಡಧಡ ಅಂತದ’ ಎನ್ನುತ್ತಾರೆ. ಗಾಳಿ ಸೋಕಿದೆ ಎನ್ನುವವರೂ ಉಂಟು. ಒಂದೇ ಮನೆಯಲ್ಲಿ ಅತ್ತೆಯದು ಕನ್ನಡ, ಸೊಸೆಯದು ಮರಾಠಿಯಾಗಿರುವುದೂ ಅಪರೂಪವಲ್ಲ. ಈ ಎರಡು ಭಾಷೆಗಳ ನಡುವೆ ಓಡಾಡುವ ಒಂದು ಶಬ್ದವನ್ನು ವಾಚಕರು ಗಮನಿಸಬೇಕು: ‘ಕಾಳಜಿ’. ಮೈಸೂರಿನ ಕಡೆಯವರಿಗೆ ಅದು ಆರೈಕೆ, ಆಸ್ಥೆ. ಮರಾಠಿಯಲ್ಲಿ ಅದಕ್ಕೆ ಚಿಂತೆಯೆಂಬ ಅರ್ಥವೂ ಇದೆ. ನಮ್ಮ ಕಡೆಯ ಕನ್ನಡದಲ್ಲಿಯೂ ‘ಕಾಳಜಿ ಮಾಡಬ್ಯಾಡ’ ಎಂದರೆ ಚಿಂತಿಸಬೇಡ ಎಂದೇ. ಕಾವೇರಿಯ ಮನೆಯಲ್ಲಿ ಎರಡನೆಯ ಬಗೆಯ ಕಾಳಜಿಗೆ ಬರವಿರಲಿಲ್ಲ. ಎಲ್ಲರಿಗೂ ಅವಳ ಚಿಂತೆಯೇ. ಆ ಚಿಂತೆ ಆರೈಕೆಯಾಗಿ ಮಾರ್ಪಡಲಿಲ್ಲ. ಅದನ್ನು ಮಾರ್ಪಡಿಸುವುದೇ ನಾನು ಹೇಳುತ್ತಿರುವ ಕೆಲಸಗಾರರ ವಿದ್ಯೆ.

ಆ ವಿದ್ಯೆ ಹೇಗಿರುತ್ತದೆಂಬುದನ್ನು ಒಮ್ಮೆ ನೋಡುವ ಪ್ರಸಂಗ ನನಗೆ ಒದಗಿತು. ಮನೆ ನನ್ನ ದೂರದ ನಂಟರದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಊರಿನ ಹೆಸರು ಬೇಡ. ಸೊಸೆ ಬಾಣಂತಿಯಾಗಿದ್ದಾಗ ಬುದ್ಧಿ ಕದಡಿ, ಚಿಕಿತ್ಸೆ ಪಡೆದು ಮರಳಿದ್ದಳು. ವಿಚಾರಿಸಲು ಬಂದ ಸಮಾಜ ಕಾರ್ಯಕರ್ತೆ ಬಂದೊಡನೆ ರೋಗದ ಮಾತು ಎತ್ತಲಿಲ್ಲ. ಭತ್ತದ ಸಸಿ ಹಚ್ಚಿದ್ದಾಯಿತೇ, ಎಮ್ಮೆ ಕರು ಹಾಕಿತೇ ಎಂದು ಕೇಳಿದಳು. ಚಹಾ ಬಂದಿತು. ಆಮೇಲೆ ಅತ್ತೆಯೇ ಬಾಯಿಬಿಟ್ಟಳು.

“ಒಬ್ಬಾಕಿನ ಕೂತು ನಗತಾಳ್ರೀ ಬಾಯಾರ. ಮತ್ತ ಸುರು ಆತೇನೋ ಅಂತ ನಮಗ ಕಾಳಜಿ.”

“ಯಾಕ ನಗತೀ ಅಂತ ಕೇಳೀರೇನ್ರಿ ಆಯಿ?”

“ಇಲ್ರಿ, ಕೇಳಿಲ್ಲ.”

“ಹಂಗಾದ್ರ ಈಗ ಕೇಳೂಣಲ್ಲ?”

ಸೊಸೆ ತಲೆ ತಗ್ಗಿಸಿಕೊಂಡೇ ಹೇಳಿದಳು: ಹಿರಿಯ ಹುಡುಗ ಮುಂಜಾನೆ ಹಲಸಿನ ಹಣ್ಣಿನ ಅಂಟಿನಿಂದ ತನಗೆ ತಾನೇ ಮೀಸೆ ಬಳಿದುಕೊಂಡಿದ್ದನಂತೆ, ಅದು ನೆನಪಾಗಿ ನಗು ಬಂದಿತ್ತು. ಅತ್ತೆಯೂ ನಕ್ಕುಬಿಟ್ಟಳು.

ಕಾರ್ಯಕರ್ತೆ ಅಲ್ಲಿಗೇ ಬಿಟ್ಟಿದ್ದರೆ ಅದೊಂದು ಸೊಗಸಾದ ಪ್ರಸಂಗ ಮಾತ್ರ ಆಗುತ್ತಿತ್ತು. ಆಕೆ ಮುಂದುವರಿದು, ನಗು ರೋಗವಲ್ಲ, ಸಿಟ್ಟೂ ರೋಗವಲ್ಲ, ಆದರೆ ಇಂಥಿಂಥವು ಕಂಡರೆ ಮಾತ್ರ ತಡಮಾಡದೆ ಬರಬೇಕೆಂದು ಬೆರಳು ಮಡಚಿ ಹೇಳಿದಳು: ರಾತ್ರಿಗಳಲ್ಲಿ ನಿದ್ದೆ ಇಲ್ಲದಿರುವುದು, ಊಟ ಬಿಡುವುದು, ಯಾರಿಗೂ ಕೇಳದ ದನಿಗೆ ಉತ್ತರ ಕೊಡುವುದು, ಕೂಸಿನ ಪರಿವೆ ತಪ್ಪುವುದು, ಸಾಯುವ ಮಾತಾಡುವುದು. ಗುಳಿಗೆ ಯಾರು ಕೊಡುತ್ತಾರೆಂದು ಕೇಳಿದಳು. ಚೆನ್ನಾಗಿದ್ದಾಳೆಂದು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿರಿ ಎಂದಳು. ಆಮೇಲೆ ಹಿತ್ತಲಿಗೆ ಹೋಗಿ ಸೊಸೆಯೊಡನೆ ಪ್ರತ್ಯೇಕವಾಗಿ, ಮರಾಠಿಯಲ್ಲಿ, ಅರ್ಧ ತಾಸು ಮಾತಾಡಿದಳು. ಅಲ್ಲಿ ಏನು ಮಾತಾಯಿತೆಂಬುದು ನನಗೆ ತಿಳಿಯದು. ಅತ್ತೆ ಕೇಳಿದರೂ ಆಕೆ ಹೇಳಲಿಲ್ಲ. ಮುಂದಿನ ಸಲ ಮಗ ಮನೆಯಲ್ಲಿರಲಿ ಎಂದಷ್ಟೇ ಹೇಳಿ ಎದ್ದಳು.

ಇದರಲ್ಲಿ ಎಷ್ಟೊಂದು ಕೌಶಲಗಳಿವೆ ನೋಡಿರಿ. ಎದುರಿಗಿದ್ದವರ ನುಡಿಯಲ್ಲೇ ಮಾತಾಡುವುದು. ತೀರ್ಪು ಕೊಡುವ ಮೊದಲು ಕೇಳುವುದು. ರೋಗದ ಲಕ್ಷಣವನ್ನೂ ಮನುಷ್ಯಸ್ವಭಾವವನ್ನೂ ಬೇರೆ ಮಾಡಿ ತೋರಿಸುವುದು. ಮನೆಯವರ ಭಯವನ್ನು ಹೀಯಾಳಿಸದೆ ಅದಕ್ಕೊಂದು ಕೆಲಸ ಕೊಡುವುದು. ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳದಿರುವುದು. ತನ್ನ ಕೈ ಮೀರಿದ್ದನ್ನು ವೈದ್ಯರ ಕಡೆಗೆ ಕಳಿಸುವುದು. ಸಾಯುವ ವಿಚಾರ ಬಂದಿದೆಯೇ ಎಂದು ನೇರವಾಗಿ ಕೇಳಲು ನಾವು ಹೆದರುತ್ತೇವೆ, ಕೇಳಿದರೆ ಆ ವಿಚಾರವನ್ನು ನಾವೇ ತಲೆಗೆ ತುಂಬಿದಂತಾದೀತೆಂದು. ಹಾಗಾಗುವುದಿಲ್ಲವೆಂದೂ, ಕೇಳಿದರೆ ಎಷ್ಟೋ ಜನರಿಗೆ ಎದೆ ಹಗುರಾಗುತ್ತದೆಂದೂ ಬಲ್ಲವರು ಹೇಳುತ್ತಾರೆ. ಕಾವೇರಿಯನ್ನು ಹಾಗೆ ಕೂರಿಸಿಕೊಂಡು ಯಾರು ಕೇಳಿದರು?

ನಮ್ಮ ಸಾಹಿತ್ಯ ಈ ಪಾತ್ರವನ್ನು ಏಕೆ ಬರೆಯಲಿಲ್ಲ? ಮನಸ್ಸಿನ ಬಗೆಗೆ ಬರೆದವರು ನಮ್ಮಲ್ಲಿ ಕಡಿಮೆಯೇನಲ್ಲ. ‘ಕೊರವಂಜಿ’ಯ ರಾಶಿಯವರು, ಎಂದರೆ ಡಾ. ಎಂ. ಶಿವರಾಂ ಅವರು, ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರರು ದಶಕಗಳ ಕಾಲ ತಿಳಿಗನ್ನಡದಲ್ಲಿ ಬರೆದು ಸಾವಿರಾರು ಮನೆಗಳಿಗೆ ಧೈರ್ಯ ಕೊಟ್ಟರು. ಆದರೆ ಇವು ತಿಳುವಳಿಕೆಯ ಪುಸ್ತಕಗಳು. ಕತೆ ಮಾಡುವ ಕೆಲಸ ಬೇರೆ. ಇನ್ನು ನಮ್ಮ ಚಿತ್ರಗಳೂ ಧಾರಾವಾಹಿಗಳೂ ಹಿಡಿದ ದಾರಿ ಎರಡೇ. ಹುಚ್ಚನ್ನು ಕೂಗಾಟದ ದೃಶ್ಯವನ್ನಾಗಿ ಮಾಡುವುದೊಂದು. ಕನ್ನಡಕ ಹಾಕಿದ ಸಲಹೆಗಾರರೊಬ್ಬರನ್ನು ಕೂರಿಸಿ ಐದು ನಿಮಿಷ ಉಪದೇಶ ಕೊಡಿಸುವುದು ಮತ್ತೊಂದು. ಉಪದೇಶವನ್ನು ನಮ್ಮ ಅತ್ತೆಮಾವಂದಿರೂ ಕೊಡಬಲ್ಲರು. ಕೇಳುವವನ ಮೌನವನ್ನು ಬರೆಯುವುದು ಕಷ್ಟ. ನಮ್ಮ ಲೇಖಕರು ಆ ಕಷ್ಟಕ್ಕೆ ಕೈಹಾಕಿಲ್ಲವೆಂಬುದೇ ನನ್ನ ದೂರು.

ಅಂಥವರು ಜೀವನದಲ್ಲಿ ಇಲ್ಲವೆಂಬ ನೆಪ ಈಗ ನಡೆಯದು. 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು, ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಚಿಕಿತ್ಸೆಯನ್ನು ಊರ ಬಾಗಿಲಿಗೆ ಒಯ್ಯಬಹುದೆಂದು ತೋರಿಸಿದರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಬಾಣಂತಿಯನ್ನು ಕೂಸಿನಿಂದ ಅಗಲಿಸದೆ ಚಿಕಿತ್ಸೆ ಕೊಡುವ ತಾಯಿ–ಮಗುವಿನ ವಿಭಾಗ ನಿಮ್ಹಾನ್ಸಿನಲ್ಲಿ 2009ರಲ್ಲಿ ತೆರೆಯಿತು. ಕಾವೇರಿಗೆ ಬೇಕಾಗಿದ್ದದ್ದು ಅದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಚಿಕಿತ್ಸೆಯನ್ನೂ ಗುಟ್ಟಿನ ರಕ್ಷಣೆಯನ್ನೂ ರೋಗಿಯ ಹಕ್ಕೆಂದಿತು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿತು. 2021ರ ಇನ್ನೊಂದು ಕಾಯಿದೆ ಸಮಾಜ ಕಾರ್ಯಕರ್ತರನ್ನೂ ಸಮಾಲೋಚಕರನ್ನೂ ಆರೋಗ್ಯ ವೃತ್ತಿಯವರ ಪಟ್ಟಿಗೆ ಸೇರಿಸಿತು. 2022ರಿಂದ 14416 ಎಂಬ ದೂರವಾಣಿಯಲ್ಲಿ, ಹಣ ಕೊಡದೆ, ಹೊತ್ತುಗೊತ್ತಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದಾಗಿದೆ.

ಇದೆಲ್ಲ ಸಾಲದೆಂಬುದೂ ನಿಜವೇ. 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ, ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿದೆಯೆಂದೂ, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯಿಲ್ಲದೆ ಉಳಿದಿದ್ದಾರೆಂದೂ ಕಂಡಿತು. ಖಾನಾಪುರದಂಥ ಸಣ್ಣ ಊರಿನಲ್ಲಿ ಇನ್ನೊಂದು ತೊಡಕು: ಯಾರು ಯಾವ ಕೋಣೆಯ ಮುಂದೆ ಪಾಳಿಯಲ್ಲಿ ನಿಂತಿದ್ದರೆಂಬುದು ಸಂಜೆಯೊಳಗೆ ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತಾಗುತ್ತದೆ. ಆ ಲಜ್ಜೆಯನ್ನು ಕಾಯಿದೆ ಕಳೆಯಲಾರದು. ಒಂದು ಒಳ್ಳೆಯ ಕತೆ ಅಷ್ಟಿಷ್ಟು ಕಳೆಯಬಲ್ಲದು. ಏಕೆಂದರೆ ಲಜ್ಜೆಯೂ ಕತೆಗಳಿಂದಲೇ ಬಂದದ್ದು, ಊರವರು ಕಟ್ಟಿದ ಕತೆಗಳಿಂದ.

ಆದುದರಿಂದ ‘ಶರಪಂಜರ’ವನ್ನು ಇನ್ನೊಮ್ಮೆ ಓದುವವರಲ್ಲಿ ನನ್ನ ಬಿನ್ನಹವಿದು. ಕಾವೇರಿಗಾಗಿ ಮರುಗುವುದರ ಜೊತೆಗೆ, ಪ್ರತಿಯೊಂದು ಪ್ರಸಂಗದಲ್ಲಿಯೂ ಅಲ್ಲಿ ಇಲ್ಲದಿರುವ ಆ ಒಬ್ಬರನ್ನು ತಂದು ಕೂರಿಸಿ ನೋಡಿರಿ: ಅವರು ಗಂಡನಿಗೆ ಏನು ಕೇಳುತ್ತಿದ್ದರು, ನೆರೆಯವಳಿಗೆ ಏನು ಹೇಳುತ್ತಿದ್ದರು, ಕಾವೇರಿಯ ಯಾವ ಮಾತಿಗೆ ಸುಮ್ಮನಿರುತ್ತಿದ್ದರು ಎಂದು. ನಮ್ಮ ತರುಣ ಕತೆಗಾರರಿಗೆ, ಅದರಲ್ಲಿಯೂ ಎರಡು ಭಾಷೆಗಳನ್ನು ಬಲ್ಲ ಈ ಗಡಿಯ ಕತೆಗಾರರಿಗೆ, ಇದು ಸಿದ್ಧವಾಗಿ ಕಾದಿರುವ ವಸ್ತು. ನಿಮ್ಮ ಬೀದಿಯಲ್ಲಿ ಯಾರಾದರೂ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಮರಳಿದ್ದರೆ, ಕತೆ ಬರೆಯುವವರೆಗೆ ಕಾಯಬೇಕಾಗಿಲ್ಲ. ಹೋಗಿ ಒಂದು ಬಟ್ಟಲು ಚಹಾ ಕುಡಿದು, ಭತ್ತದ ಸಸಿ ಹಚ್ಚಿದ್ದಾಯಿತೇ ಎಂದು ಕೇಳಿ ಬರಬಹುದು.