ಹಲಗೆಯ ಆಲದಮರ

ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಮರಗೆಲಸದ ವಿಮರ್ಶೆಗೇನು ಕೆಲಸವೆಂದು ವಾಚಕ ಮಹಾಶಯರು ಕೇಳಬಹುದು. ನಾಟಕವನ್ನೂ ಚಿತ್ರವನ್ನೂ ದೇವಾಲಯದ ಶಿಲ್ಪವನ್ನೂ ಇಂಥ ಪುಟಗಳಲ್ಲಿ ತೂಗಿ ನೋಡುತ್ತೇವೆ. ಮಕ್ಕಳು ತಮ್ಮ ಸಂಜೆಗಳನ್ನು ಕಳೆಯುವ ಒಂದು ಕೋಣೆಯನ್ನು ಮಾತ್ರ ಗುತ್ತಿಗೆದಾರರ ಲೆಕ್ಕದ ಪುಸ್ತಕಕ್ಕೆ ಬಿಟ್ಟುಬಿಡುವುದು ನನಗೆ ನ್ಯಾಯವಾಗಿ ತೋರಲಿಲ್ಲ.

ನಾನು ಹೇಳಹೊರಟಿರುವ ಕೋಣೆ ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿದೆ. ಅಲ್ಲಿನ ನಿವಾಸಿಗಳ ಸಂಘದವರು ತಮ್ಮ ಸಮುದಾಯ ಭವನದ ಕೆಳಗಿನ ಹಜಾರವನ್ನು ಮಕ್ಕಳ ಆಟಕ್ಕೆಂದು ಬಿಟ್ಟುಕೊಟ್ಟಿದ್ದಾರೆ. ಹೊರಗೆ ಆಡೋಣವೆಂದರೆ ಬೀದಿಯೆಲ್ಲ ವಾಹನಗಳದು. ಪ್ಲಾಸ್ಟಿಕ್ಕು ಬೇಡ, ನಮ್ಮ ನಾಡಿನ ಮರವೇ ಆಗಬೇಕೆಂದು ಸಂಘದವರು ಸಭೆ ಸೇರಿ ಗೊತ್ತುಮಾಡಿದರಂತೆ. ಸಂಕಲ್ಪ ದೊಡ್ಡದು. ಮೊಮ್ಮಗಳ ಕೈಹಿಡಿದು ನಾಲ್ಕು ಸಲ ಅಲ್ಲಿಗೆ ಹೋಗಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚಿಬಿಡುತ್ತೇನೆ. ಬಾಗಿಲ ಪಕ್ಕದಲ್ಲಿ ಹಲಸಿನ ಹಲಗೆಯ ಉದ್ದನೆಯ ಬೆಂಚೊಂದಿದೆ. ಎತ್ತರ ಒಂದು ಗೇಣಿಗಿಂತ ತುಸು ಹೆಚ್ಚು. ಹೊಸ ಹಲಸು ಅರಿಶಿನದ ಬಣ್ಣದ್ದು. ಗಾಳಿ ಬೆಳಕು ತಗಲಿ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ವೀಣೆಯ ಕೊಡಕ್ಕೆ ಒದಗುವ ಮರ ಇದೇ. ಈ ಬೆಂಚಿಗೆ ಬಣ್ಣ ಬಳಿಯದೆ ಬರಿಯ ಎಣ್ಣೆ ತಿಕ್ಕಿದ್ದಾರೆ. ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದಾರೆ. ಮಕ್ಕಳು ಅದರ ಮೇಲೆ ಕೂರುತ್ತಾರೆ, ಮಲಗುತ್ತಾರೆ, ಅದರಡಿ ನುಸುಳುತ್ತಾರೆ, ಕೆನ್ನೆಯಿಟ್ಟು ಮೂಸುತ್ತಾರೆ. ಕೈಬೆರಳಿನ ಜಿಡ್ಡು ತಾಗಿ ಆಗಲೇ ಒಂದು ಕಡೆ ಹೊಳಪು ಬಂದಿದೆ. ಇಡೀ ಕೋಣೆಯಲ್ಲಿ ಮರವನ್ನು ಮರವೆಂದು ನಂಬಿ ಮಾಡಿದ ವಸ್ತು ಇದೊಂದೇ ಎಂದು ನನ್ನ ಎಣಿಕೆ.

ಹಜಾರದ ನಡುವೆ ಇರುವುದು ಆಲದಮರ. ಸಿಲ್ವರ್ ಓಕಿನ ಹಲಗೆಗಳನ್ನು ಪದರಪದರವಾಗಿ ಅಂಟಿಸಿ, ಬಿಳಲು ಸಹಿತ ಕೊರೆದು ನಿಲ್ಲಿಸಿದ್ದಾರೆ. (ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳ ನೆರಳಿಗೆಂದು ಬೆಳೆಸಿದ ಈ ಮರದ ತೌರು ಆಸ್ಟ್ರೇಲಿಯ. ಇರಲಿ, ಇಷ್ಟು ಕಾಲ ನಮ್ಮ ಮಳೆಯಲ್ಲಿ ನೆಂದ ಮೇಲೆ ಅದನ್ನು ಪರದೇಶಿಯೆನ್ನಲು ನನಗೆ ಮನಸ್ಸಿಲ್ಲ.) ನೋಡಲು ಭವ್ಯ. ಬಿಳಲುಗಳ ಸಂದಿಯಲ್ಲಿ ಮಗುವಿನ ತಲೆ ಸಿಕ್ಕಿಕೊಳ್ಳಬಾರದೆಂದು ಒಂದೊಂದು ಸಂದನ್ನೂ 3½ ಅಂಗುಲಕ್ಕಿಂತ ಕಿರಿದು ಇಲ್ಲವೆ 9 ಅಂಗುಲಕ್ಕಿಂತ ಹಿರಿದು ಇಟ್ಟಿದ್ದಾರೆ. ಆ ಎಚ್ಚರ ಶ್ಲಾಘ್ಯ. ಆದರೆ ಈ ಆಲದಲ್ಲಿ ಅಲುಗಾಡುವುದು ಒಂದೂ ಇಲ್ಲ. ಮೊದಲ ದಿನ ನನ್ನ ಮೊಮ್ಮಗಳು ಹತ್ತಿದಳು, ಇಳಿದಳು, ಮತ್ತೊಮ್ಮೆ ಹತ್ತಿದಳು. ಎರಡನೆಯ ದಿನ ಒಂದು ಸಲ ಹತ್ತಿದಳು. ಮೂರನೆಯ ದಿನ, "ತಾತ, ಇದು ಇವತ್ತೂ ಮರವೇನಾ?" ಎಂದು ಕೇಳಿದಳು. ವಿಮರ್ಶಕರಲ್ಲಿ ಇಷ್ಟು ಚುರುಕಾದ ಮಾತನ್ನು ನಾನು ಈಚೆಗೆ ಕೇಳಿಲ್ಲ.

ಜರ್ಮನಿಯ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗಿನಲ್ಲಿ ಮಕ್ಕಳ ಶಾಲೆ ತೆರೆದಾಗ ಆತ ಎಳೆಯರ ಕೈಗಿಟ್ಟ ವಸ್ತುಗಳಲ್ಲಿ ಒಂದು ಎರಡು ಅಂಗುಲದ ಮರದ ಘನ. ಅದನ್ನು ಬಿಡಿಸಿದರೆ ಒಂದೊಂದು ಅಂಗುಲದ ಎಂಟು ತುಂಡು. ಅದು ಬೆಳಗ್ಗೆ ಕುರ್ಚಿ, ಮಧ್ಯಾಹ್ನ ಮೆಟ್ಟಿಲು, ಸಂಜೆ ಸೇತುವೆ. 1943ರಲ್ಲಿ ಕೋಪನ್‌ಹೇಗನ್ನಿನ ಎಮ್ಡ್ರುಪ್‌ನಲ್ಲಿ ಸೋರೆನ್ಸೆನ್ ಎಂಬ ಉದ್ಯಾನಶಿಲ್ಪಿಯ ಕಲ್ಪನೆಯಂತೆ ಮಕ್ಕಳಿಗೆ ಹಳೆಯ ಹಲಗೆ, ಮೊಳೆ, ಸುತ್ತಿಗೆಗಳನ್ನೇ ಕೊಟ್ಟು ಮೈದಾನ ಬಿಟ್ಟುಕೊಟ್ಟರು. ಅಷ್ಟು ದೂರ ಹೋಗುವುದೇಕೆ? ನಮ್ಮ ಅಳಗುಳಿಮಣೆಯಲ್ಲಿ ಮರಕ್ಕಿರುವುದು ಹದಿನಾಲ್ಕು ಗುಳಿ ಮಾತ್ರ. ಉಳಿದುದೆಲ್ಲ ಆಡುವವರ ಕೈಯ ಹುಣಸೆಬೀಜ. ನಡೆಯಲು ಕಲಿಯುವ ಕೂಸಿಗೆ ನಮ್ಮ ಬಡಗಿ ಮಾಡಿಕೊಡುತ್ತಿದ್ದ ಮೂರು ಗಾಲಿಯ ಬಂಡಿ ಕೂಸಿನ ಜೊತೆಗೇ ಹೊಸ್ತಿಲವರೆಗೆ ನಡೆಯುತ್ತಿತ್ತು. ಈ ಹಜಾರದಲ್ಲಿ ಮರ ನಿಂತಿದೆ, ಮಗು ಅದನ್ನು ಸುತ್ತುತ್ತದೆ.

ಇನ್ನು ಗೋಡೆಯ ಗುಂಡುಗಳ ವಿಷಯ. ಚನ್ನಪಟ್ಟಣದ ಬಣ್ಣದ ಗುಂಡುಗಳನ್ನು ಕಂಬಿಗೆ ಪೋಣಿಸಿ ಗೋಡೆಯುದ್ದಕ್ಕೂ ಕಟ್ಟಿದ್ದಾರೆ. ನಿಂಬೆಹಣ್ಣಿನ ಗಾತ್ರದವು ಕೆಲವು, ತೆಂಗಿನಕಾಯಿ ಗಾತ್ರದವು ಹಲವು. ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸುತ್ತ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಗರಿಯಿಂದ ತೀಡಿ ಹೊಳಪು ಕೊಡುತ್ತಾರೆ. ಮಗು ಬಾಯಿಗಿಟ್ಟರೂ ಹೆದರಬೇಕಾಗಿಲ್ಲದಂಥ ಬಣ್ಣವನ್ನು ಹೀಗೆ ಹಾಕಬಹುದು. ಆದರೆ ನಾನು ಎಣಿಸಿದಾಗ ದೊಡ್ಡ ಗುಂಡುಗಳಲ್ಲಿ ಹನ್ನೊಂದು ಸೀಳುಬಿಟ್ಟಿದ್ದವು. ಸೀಳಿನಲ್ಲಿ ಬೆರಳು ಸಿಕ್ಕಿಸಿಕೊಂಡು ಒಬ್ಬ ಹುಡುಗ ಅತ್ತೂ ಆಗಿತ್ತು.

ಎರಡು ಬೀದಿಯಾಚೆ ಕಿಟಕಿ ಬಾಗಿಲು ಮಾಡುವ ವೃದ್ಧ ಆಚಾರಿಯೊಬ್ಬರಿದ್ದಾರೆ. ಒಡೆದ ಗುಂಡೊಂದನ್ನು ಅವರ ಮುಂದಿಟ್ಟೆ. ತಿರುಗಿಸಿ ನೋಡಿ ನಕ್ಕರು. "ಹಸಿ ಮರ ಸ್ವಾಮಿ. ತಿರುಳೂ ಒಳಗೇ ಇದೆ. ಇದು ಒಡೀದೆ ಇನ್ನೇನು ಮಾಡೀತು?" ಮರ ಒಣಗುವಾಗ ಬಳೆಯ ಸುತ್ತಿನ ಕಡೆಗೆ ಕುಗ್ಗುವುದು ಹೆಚ್ಚು, ತಿರುಳಿನ ಕಡೆಗೆ ಕುಗ್ಗುವುದು ಅದರ ಸುಮಾರು ಅರ್ಧ, ಆ ಎಳೆದಾಟದಲ್ಲಿ ಇಡೀ ಗುಂಡು ಬಿರಿಯುತ್ತದೆ. ಹಾಲೆ ದಪ್ಪವಾಗಿ ಬೆಳೆಯುವ ಮರವಲ್ಲ. ಮಣಿಗೆ, ಬುಗುರಿಗೆ, ಗಿಲಕಿಗೆ ಹೇಳಿಮಾಡಿಸಿದ್ದು. ಅದರಿಂದ ತೆಂಗಿನಕಾಯಿ ತೆಗೆಯಹೊರಟುದು, ಅದೂ ಉದ್ಘಾಟನೆಯ ದಿನ ಮುಂಚಿತವಾಗಿ ಗೊತ್ತಾಗಿದ್ದರಿಂದ ಒಣಗಲು ಬಿಡದೆ ತೆಗೆದುದು, ಔಚಿತ್ಯವರಿಯದ ಕೆಲಸ. ಚನ್ನಪಟ್ಟಣದ ಕಸಬುದಾರರನ್ನು ಇದಕ್ಕೆ ದೂರಲಾರೆ. ಕೇಳಿದ ಅಳತೆಗೆ ಅವರು ಕೊಟ್ಟಿದ್ದಾರೆ.

"ಆಲದಮರದ ಒಂದು ಮೆಟ್ಟಿಲು ಅಲ್ಲಾಡುತ್ತಿದೆ, ನೀವೇ ಸರಿಮಾಡಬಹುದಲ್ಲ ಆಚಾರ್ರೇ?" ಎಂದೆ.

"ಕಚ್ಚು ಕೊಟ್ಟು ಕೂಡಿಸಿದ್ದರೆ ಒಂದು ಬೆಣೆ ಹೊಡೆದು ಬರ್ತಿದ್ದೆ ಸ್ವಾಮಿ. ಎಲ್ಲಾ ಅಂಟು. ಬಿಚ್ಚೋಕೆ ಹೋದರೆ ಮುರಿಯತ್ತೆ."

ನನ್ನ ಮುಖ್ಯ ಆಕ್ಷೇಪಣೆ ಇದೇ. ಹಲಗೆ ಹತ್ತಿರದ ಕಾಡಿನದೋ ತೋಟದ್ದೋ ಆದಮಾತ್ರಕ್ಕೆ ಕೆಲಸ ಊರಿನದಾಗುವುದಿಲ್ಲ. ಊರಿನ ಉಳಿ, ಊರಿನ ಉಜ್ಜುಗೊರಡು ಅದನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲುದಾಗಿರಬೇಕು. ಹಲಸಿನ ಬೆಂಚು ಹಾಗಿದೆ. ಅದರ ಕಾಲುಗಳನ್ನು ಬೆಣೆ ಹೊಡೆದು ಕೂಡಿಸಿದ್ದಾರೆ. ಅದನ್ನು ಮಾಡಿದವರು ಯಾರೆಂದು ವಿಚಾರಿಸಿದೆ. ನನ್ನ ಮುಂದೆ ಕೂತಿದ್ದ ಆಚಾರಿಯೇ! ಫಲಕದ ಮೇಲೆ ವಿನ್ಯಾಸಕಾರರ ಹೆಸರಿದೆ, ದಾನಿಗಳ ಹೆಸರಿದೆ, ಇವರದಿಲ್ಲ. ಗಂಟೆಗೆ ಇಷ್ಟೆಂದು ಶುಲ್ಕವಿರುವುದರಿಂದ ಅವರ ಮೊಮ್ಮಕ್ಕಳು ಅಜ್ಜ ಮಾಡಿದ ಬೆಂಚಿನ ಮೇಲೆ ಈವರೆಗೆ ಕೂತಿಲ್ಲ. ಆ ಭವನದ ಹೆಸರಿನಲ್ಲಿ ಸಮುದಾಯವೆಂಬ ಶಬ್ದವಿದೆ.

ಸದ್ದಿನ ಮಾತನ್ನೂ ಒಂದಿಷ್ಟು ಆಡಬೇಕು. ಕಾಂಕ್ರೀಟಿನ ಸೂರು, ನಯವಾದ ಗೋಡೆ, ಟೊಳ್ಳು ಹಲಗೆಯ ಜಾರುದಾರಿ. ಇಪ್ಪತ್ತು ಮಕ್ಕಳು ಸೇರಿದರೆ ಗಿರಣಿಯೊಳಗೆ ನಿಂತಂತಾಗುತ್ತದೆ. ಜಾರುದಾರಿಯ ಕೆಳಗೆ ತೆಂಗಿನ ನಾರು ತುಂಬಿ, ಗೋಡೆಗೆ ದಪ್ಪ ಬಟ್ಟೆ ಇಳಿಬಿಟ್ಟರೆ ಅರ್ಧ ಪರಿಹಾರವಾದೀತು. ಸಂಘದವರು ಕಂಡುಕೊಂಡ ಪರಿಹಾರ, ಗದ್ದಲ ಮಾಡಕೂಡದೆಂಬ ಬೋರ್ಡು.

ಇಷ್ಟನ್ನೂ ಕಾರ್ಯದರ್ಶಿಗಳ ಕಿವಿಗೆ ಹಾಕಿದೆ. ಸಜ್ಜನರು, ಬೇಸರಪಡದೆ ಕೇಳಿದರು. ಒಡೆದ ಗುಂಡುಗಳ ಬದಲಿಗೆ ಪ್ಲಾಸ್ಟಿಕ್ಕಿನವನ್ನು ತರಿಸಲು ಆಗಲೇ ಬೆಲೆ ವಿಚಾರಿಸಿದ್ದರಂತೆ. ಬೇಡ, ಸಣ್ಣ ಗುಂಡುಗಳನ್ನಷ್ಟೇ ಇಟ್ಟುಕೊಂಡು ಕಂಬಿಯಿಂದ ಬಿಡಿಸಿ ಬುಟ್ಟಿಗೆ ಹಾಕಿ ಮಕ್ಕಳಿಗೆ ಕೊಡಿ. ಅವುಗಳ ಜೊತೆಗೆ ಆಚಾರಿಯ ಅಂಗಡಿಯ ತುಂಡುಹಲಗೆಗಳನ್ನು ಉಜ್ಜಿಸಿ ತರಿಸಿ. ವಾರಕ್ಕೆರಡು ದಿನವಾದರೂ ಶುಲ್ಕವಿಲ್ಲದೆ ಬಾಗಿಲು ತೆರೆಯಿರಿ ಎಂದು ಕೇಳಿಕೊಂಡೆ. ಬರುವ ಭಾನುವಾರದ ಸಭೆಯಲ್ಲಿ ವಿಷಯವಿಡುವುದಾಗಿ ಹೇಳಿದ್ದಾರೆ. ನಾನು ಆ ಸಂಘದ ಸದಸ್ಯನಲ್ಲ. ಆದರೂ ಹೋಗಿ ಹಿಂದಿನ ಸಾಲಿನಲ್ಲಿ ಕೂರುವವನಿದ್ದೇನೆ. ಆಚಾರಿಯವರನ್ನೂ ಕರೆದಿದ್ದೇನೆ.